ಮೊಟ್ಟೆ ಕೆಟ್ಟರೆ ಎಲ್ಲಿ ಹುಡುಕಬೇಕು: ಹಿತ್ತಲ ಕೋಳಿಗಳ ದೋಷ ನಿವಾರಣೆ ಕೈಪಿಡಿ

ಚಿಪ್ಪು ತೆಳ್ಳಗಾಯಿತೆಂದರೆ ಕ್ಯಾಲ್ಸಿಯಂ ಬಾಟಲಿ, ಮೊಟ್ಟೆ ನಿಂತಿತೆಂದರೆ ಜಂತಿನ ಔಷಧಿ. ಹಿತ್ತಲಲ್ಲಿ ಐದೋ ಹತ್ತೋ ಕೋಳಿ ಸಾಕುವವರಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಇದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಔಷಧಿ ಅಂಗಡಿಗೆ ಹೋಗುವ ಮೊದಲು ಕಾಳಿನ ಡಬ್ಬದ ಮುಚ್ಚಳ ತೆಗೆದು ನೋಡುವುದು ಲೇಸು. ಒಳಗೆ ಬರೀ ರಾಗಿ ಇದ್ದರೆ ಅರ್ಧ ಉತ್ತರ ಅಲ್ಲೇ ಇದೆ.

ದೋಷಕ್ಕೆ ಎಷ್ಟು ವಯಸ್ಸು?

ಮೊಟ್ಟೆಯ ಒಂದೊಂದು ಭಾಗ ಒಂದೊಂದು ಹೊತ್ತಿನಲ್ಲಿ ಆಗುತ್ತದೆ. ಹಳದಿ ಬಲಿಯಲು ಹತ್ತಿರಹತ್ತಿರ ಹತ್ತು ದಿನ ಬೇಕು. ಬಲಿತ ಹಳದಿ ಅಂಡಾಶಯದಿಂದ ಕಳಚಿ ಮೊಟ್ಟೆ ನಾಳಕ್ಕೆ ಬಿದ್ದ ಮೇಲೆ ಬಿಳಿ ಲೋಳೆ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಪೊರೆ ಕಟ್ಟಲು ಒಂದು ಗಂಟೆಯ ಮೇಲೆ ಸ್ವಲ್ಪ, ಚಿಪ್ಪು ಕಟ್ಟಲು ಸುಮಾರು 20 ಗಂಟೆ. ಒಟ್ಟು 24ರಿಂದ 26 ಗಂಟೆ. ಕೋಳಿಗಳು ಹೆಚ್ಚಾಗಿ ಬೆಳಗಿನ ಹೊತ್ತು ಮೊಟ್ಟೆ ಇಡುವುದರಿಂದ ಚಿಪ್ಪಿನ ಕೆಲಸದ ಬಹುಪಾಲು ರಾತ್ರಿ ನಡೆಯುತ್ತದೆ.

ಇದರಿಂದ ಹುಡುಕುವ ದಾರಿ ಸುಲಭವಾಗುತ್ತದೆ. ಚಿಪ್ಪು ಒಂದೇ ದಿನ ಕೆಟ್ಟಿದ್ದರೆ ನಿನ್ನೆ ಸಂಜೆಯಿಂದ ಏನಾಯಿತು ಕೇಳಿ: ನಾಯಿ ನುಗ್ಗಿತೇ, ಪಟಾಕಿ ಹೊಡೆದರೇ, ನೀರು ಖಾಲಿಯಾಗಿತ್ತೇ? ಹಳದಿಯ ಬಣ್ಣ ಬದಲಾಗಿದ್ದರೆ ಕಳೆದ ಹತ್ತು ಹನ್ನೆರಡು ದಿನದ ಮೇವು ನೆನಪಿಸಿಕೊಳ್ಳಿ. ಚಿಪ್ಪು ವಾರಗಟ್ಟಲೆ ನಿಧಾನವಾಗಿ ಸವೆಯುತ್ತಾ ಬಂದಿದ್ದರೆ ಅದು ಕ್ಯಾಲ್ಸಿಯಂ ಸಾಲ. ಕೋಳಿ ತನ್ನ ಮೂಳೆಯಿಂದ ತೆಗೆದು ತೆಗೆದು ಕೊಟ್ಟಿದೆ, ಈಗ ಅಲ್ಲೂ ಬರಿದಾಗಿದೆ.

ಮೊಟ್ಟೆ ಬರುತ್ತಲೇ ಇಲ್ಲ

ಮೊದಲು ತಿಳಿಯಬೇಕಾದ್ದು, ಕೋಳಿ ಇಡುತ್ತಿಲ್ಲವೋ ಅಥವಾ ಇಟ್ಟದ್ದು ನಮಗೆ ಸಿಗುತ್ತಿಲ್ಲವೋ ಎಂಬುದು. ಇದಕ್ಕೆ ಕೈಯೇ ಸಾಕು. ಸಂಜೆ ಗೂಡಿಗೆ ಸೇರಿದ ಮೇಲೆ ಕೋಳಿಯನ್ನು ಎಡಗೈ ಮೇಲೆ ಕೂರಿಸಿ, ತಲೆ ನಿಮ್ಮ ಕಂಕುಳ ಕಡೆಗಿರಲಿ. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎಡಕ್ಕೂ ಬಲಕ್ಕೂ ಎರಡು ಮೊನಚು ಮೂಳೆ ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹಿಡಿಸಿ, ಮೂಳೆಯ ತುದಿ ಒತ್ತಿದರೆ ಬಾಗುವಂತಿದ್ದರೆ ಆ ಕೋಳಿ ಮೊಟ್ಟೆಗಿದೆ. ಒಂದೇ ಬೆರಳು ಹಿಡಿಸಿದರೆ, ಮೂಳೆ ಗಟ್ಟಿಯಾಗಿದ್ದರೆ ಇಲ್ಲ. ದ್ವಾರವೂ ಗುಟ್ಟು ಹೇಳುತ್ತದೆ: ಇಡುವ ಕೋಳಿಯದು ಅಗಲ, ಒದ್ದೆ, ಬಿಳಿಚು, ಇಡದ ಕೋಳಿಯದು ಚಿಕ್ಕದು, ಒಣಗಿದ್ದು, ಮುದುಡಿದ್ದು. ಜುಟ್ಟು ಕೆಂಪಗೆ ತುಂಬಿಕೊಂಡಿದೆಯೇ ಅಥವಾ ಬಾಡಿದೆಯೇ ಎಂಬುದನ್ನೂ ನೋಡಿ.

ಕೈಗೆ ‘ಮೊಟ್ಟೆಗಿದೆ’ ಎಂದು ತಿಳಿದೂ ಬುಟ್ಟಿ ಖಾಲಿಯಿದ್ದರೆ ಕಳವು ಅಥವಾ ಬಚ್ಚಿಡುವಿಕೆ. ನಾಟಿ ಹ್ಯಾಟೆಗಳು ಹುಲ್ಲಿನ ಮೆದೆಯ ಸಂದಿಯಲ್ಲೋ, ಬೇಲಿ ಮರೆಯಲ್ಲೋ, ಸೌದೆ ರಾಶಿಯ ಹಿಂದೆಯೋ ಜಾಗ ಹಿಡಿದುಬಿಡುತ್ತವೆ. ಒಂದು ವಾರ ಬೆಳಗ್ಗೆ 11 ಗಂಟೆವರೆಗೆ ಗೂಡಿನ ಬಾಗಿಲು ತೆಗೆಯಬೇಡಿ. ಒಳಗೇ ಇಡುವುದನ್ನು ಕಲಿಯುತ್ತವೆ. ಪೊದೆಯಲ್ಲಿ ಸಿಕ್ಕ ಹಳೇ ಮೊಟ್ಟೆಗಳನ್ನು ನೀರಿಗೆ ಹಾಕಿ ನೋಡಿ: ತಳದಲ್ಲಿ ಅಡ್ಡ ಮಲಗಿದ್ದು ತಾಜಾ, ನೆಟ್ಟಗೆ ನಿಂತದ್ದು ಹಳತು, ತೇಲಿದ್ದು ತಿಪ್ಪೆಗೆ. ಕಳ್ಳರನ್ನು ಗುರುತಿಸಬೇಕೆಂದರೆ, ಹಾವು ಇಡಿಯಾಗಿ ನುಂಗುವುದರಿಂದ ಚೂರೂ ಉಳಿಯುವುದಿಲ್ಲ. ಮುಂಗುಸಿ, ಹೆಗ್ಗಣಗಳು ಗೂಡಿನಿಂದ ಆಚೆ ಎಳೆದು ಒಡೆಯುತ್ತವೆ. ಗೂಡಿನ ಹುಲ್ಲೇ ಅಂಟಂಟಾಗಿ ಹಳದಿ ಮೆತ್ತಿದ್ದರೆ ಕಳ್ಳ ಒಳಗಿನ ಕೋಳಿಯೇ.

ಕೈಗೆ ‘ಇಲ್ಲ’ ಎಂದು ತಿಳಿದರೆ ವಯಸ್ಸು ನೋಡಿ. ನಾಟಿ ಕೋಳಿ ಆರು ತಿಂಗಳಿಗೆ ಮೊದಲು ಶುರುಮಾಡುವುದು ಅಪರೂಪ. ಫಾರಂನಿಂದ ಅಗ್ಗಕ್ಕೆ ಬಂದ ಬಿಳಿ ಲೇಯರ್, ಅಂದರೆ ಮೊಟ್ಟೆಗೆಂದೇ ಸಾಕುವ ಕೋಳಿಗಳು ಬಹುಮಟ್ಟಿಗೆ ಒಂದೂವರೆ ವರ್ಷ ದಾಟಿ ಇಳಿಮುಖದಲ್ಲಿರುತ್ತವೆ. ಜಾಗ ಬದಲಾದ ಮೇಲೆ ಕೆಲವು ವಾರ ನಿಲ್ಲಿಸುವುದೂ ಉಂಟು. ಪುಕ್ಕ ಉದುರುತ್ತಿದ್ದರೆ ಎರಡು ಮೂರು ತಿಂಗಳ ರಜೆ ಎಂದುಕೊಳ್ಳಿ, ಆ ಹೊತ್ತಿಗೆ ಬೇಕಾದ್ದು ಔಷಧಿಯಲ್ಲ, ಪ್ರೋಟೀನು. ಹುಂಜ ಇಲ್ಲದ್ದಕ್ಕೆ ಮೊಟ್ಟೆ ನಿಂತಿದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಹುಂಜ ಬೇಕಾದ್ದು ಮರಿಗೆ, ಮೊಟ್ಟೆಗಲ್ಲ.

ಕಾವಿಗೆ ಕೂತ ಕೋಳಿ ಮುಟ್ಟಲು ಹೋದರೆ ಪುಕ್ಕ ಉಬ್ಬಿಸಿ ಗುರ್ ಎನ್ನುತ್ತದೆ, ದಿನಕ್ಕೊಮ್ಮೆ ಇಳಿದು ದಪ್ಪ ಹಿಕ್ಕೆ ಹಾಕಿ ಮತ್ತೆ ಕೂರುತ್ತದೆ. ಮರಿ ಬೇಡವಾದರೆ ತಳದಲ್ಲಿ ತಂತಿ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಿಸಿ, ಹುಲ್ಲು ಹಾಕದೆ, ನೀರು ಕಾಳು ಇಟ್ಟು ಮೂರು ನಾಲ್ಕು ದಿನ ಅದರಲ್ಲಿ ಬಿಡಿ. ಹೊಟ್ಟೆಗೆ ಗಾಳಿಯಾಡಿ ತಣ್ಣಗಾದರೆ ಕಾವು ಬಿಡುತ್ತದೆ. ಮೂಗಿಗೆ ಗರಿ ಚುಚ್ಚುವುದು, ನೀರಲ್ಲಿ ಮುಳುಗಿಸುವುದು ಬರೀ ಹಿಂಸೆ.

ಬೆಳಕಿನ ವಿಷಯ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಲೇಯರ್ ತಳಿಗಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ಚಿಕ್ಕ ಗೂಡಿಗೆ 5 ವ್ಯಾಟ್‌ನ ಹಳದಿ ಎಲ್‌ಇಡಿ ಬಲ್ಬ್ ಸಾಕು. ಸಂಜೆ ಹಾಕಬೇಡಿ, ಬೆಳಗಿನ ಜಾವ ಹಾಕಿ; ಸಂಜೆ ದಿಢೀರನೆ ಆರಿಸಿದರೆ ಕೋಳಿ ಕತ್ತಲಲ್ಲಿ ಅಡ್ಡಗೋಲು ಹತ್ತಲಾಗದೆ ನೆಲದಲ್ಲೇ ಉಳಿಯುತ್ತವೆ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ನಾಟಿ ಕೋಳಿಗೆ ಇದರಿಂದ ದೊಡ್ಡ ಲಾಭ ಕಾಣದು.

ತೆಳು ಚಿಪ್ಪು, ಚಿಪ್ಪಿಲ್ಲದ ಪೊರೆ ಮೊಟ್ಟೆ: ರಾಗಿಯ ಲೆಕ್ಕ

ಈ ಸೀಮೆಯಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ, ಅದರ ಬೇರಿರುವುದು ಒಂದು ನಂಬಿಕೆಯಲ್ಲಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಎನ್ನುವುದು ಸುಳ್ಳಲ್ಲ, ಆದರೆ ಅದು ಅಕ್ಕಿ ಗೋಧಿಯ ಪಕ್ಕದಲ್ಲಿಟ್ಟು ಮನುಷ್ಯರಿಗೆ ಹೇಳಿದ ಮಾತು. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ. ಒಂದೇ ಒಂದು ಮೊಟ್ಟೆಯ ಚಿಪ್ಪಿಗೆ ಹೋಗುವುದು 2 ಗ್ರಾಂಗಿಂತ ಹೆಚ್ಚು. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲವಾದ್ದರಿಂದ ದಿನಾ ಇಡುವ ಕೋಳಿಗೆ ಮೇವಿನಲ್ಲಿ 3.5ರಿಂದ 4 ಗ್ರಾಂ ಬೇಕು. ಅಂದರೆ ರಾಗಿ ತುಂಬಿಸುವುದು ಹತ್ತನೇ ಒಂದು ಪಾಲು. ಪ್ರೋಟೀನಿನ ಲೆಕ್ಕವೂ ಹಾಗೇ: ರಾಗಿಯಲ್ಲಿ ಶೇ 7ರ ಆಸುಪಾಸು, ಬೇಕಾದ್ದು ಶೇ 16. ತಿಪ್ಪೆ ಕೆದರಿ ಹುಳ ಹೆಕ್ಕುವ, ವರ್ಷಕ್ಕೆ ಕೆಲವೇ ಡಜನ್ ಮೊಟ್ಟೆ ಇಡುವ ನಾಟಿ ಕೋಳಿ ಇದರಲ್ಲೇ ಸರಿದೂಗಿಸಿಕೊಳ್ಳುತ್ತದೆ. ಗಿರಿರಾಜ, ಸ್ವರ್ಣಧಾರ, ಕಾವೇರಿಯಂಥ ಸುಧಾರಿತ ತಳಿಗಾಗಲಿ ಫಾರಂ ಕೋಳಿಗಾಗಲಿ ಅದು ಸಾಧ್ಯವಿಲ್ಲ.

ಪರಿಹಾರ ಅಗ್ಗ. ಸುಣ್ಣಕಲ್ಲಿನ ನುಚ್ಚು ಅಥವಾ ಕಪ್ಪೆಚಿಪ್ಪಿನ ನುಚ್ಚು, ಅಂದರೆ ಫೀಡ್ ಅಂಗಡಿಯಲ್ಲಿ ಗ್ರಿಟ್ ಎಂದು ಸಿಗುವುದು, 2ರಿಂದ 4 ಮಿಲಿಮೀಟರ್ ಗಾತ್ರದ್ದು ತನ್ನಿ. ಪುಡಿಗಿಂತ ನುಚ್ಚು ಮೇಲು: ಅದು ಕಲ್ಲುಚೀಲದಲ್ಲಿ, ಅಂದರೆ ಕಾಳು ಅರೆಯುವ ಹೊಟ್ಟೆಯ ಭಾಗದಲ್ಲಿ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ, ಚಿಪ್ಪು ಕಟ್ಟುವ ಹೊತ್ತಿಗೇ ರಕ್ತಕ್ಕೆ ಸಿಗುತ್ತದೆ. ಮೇವಿಗೆ ಬೆರೆಸದೆ ಬೇರೆ ಬಟ್ಟಲಲ್ಲಿಡಿ; ಮಧ್ಯಾಹ್ನದ ಮೇಲೆ ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಕೋಳಿಯೊಂದಕ್ಕೆ ದಿನಕ್ಕೆ ಒಂದು ಟೀ ಚಮಚದಷ್ಟು, ಸುಮಾರು 5 ಗ್ರಾಂ ಖರ್ಚಾಗುತ್ತದೆ. ಅದರಲ್ಲಿ ಹತ್ತಿರಹತ್ತಿರ 1.9 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬರೀ ರಾಗಿ ತಿನ್ನುವ, ದಿನಾ ಇಡುವ ಕೋಳಿಗೆ ಇದರ ಎರಡರಷ್ಟು ಬೇಕಾದೀತು. ಮನೆಯ ಮೊಟ್ಟೆ ಚಿಪ್ಪನ್ನೂ ಬಳಸಬಹುದು: ತೊಳೆದು, ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು, ಆಕಾರ ಗುರುತು ಸಿಗದಂತೆ ಕುಟ್ಟಿ ಹಾಕಿ. ಇನ್ನೂ ಮೊಟ್ಟೆಗೆ ಬಾರದ ಎಳೆ ಕೋಳಿಗಳಿಗೆ ಮಾತ್ರ ಹೆಚ್ಚು ಕ್ಯಾಲ್ಸಿಯಂ ಬೇಡ, ಮೂತ್ರಪಿಂಡ ಹಾಳಾಗುತ್ತದೆ.

ಎಲೆಅಡಿಕೆಯ ಸುಣ್ಣವನ್ನು ನೀರಿಗೆ ಕದಡಿ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಅದು ಸುಡುವ ಸುಣ್ಣ. ಗಂಟಲು, ಕಣ್ಣಿಗೆ ಕೆಟ್ಟದ್ದು. ತಿಳಿ ಮಾತ್ರ ಬಸಿದು ಕೊಟ್ಟರೂ ಕೋಳಿ ದಿನಕ್ಕೆ ಕುಡಿಯುವ ಕಾಲು ಲೀಟರಿನಲ್ಲಿ ಕರಗಿರುವ ಕ್ಯಾಲ್ಸಿಯಂ 0.2 ಗ್ರಾಂ ಅಷ್ಟೇ. ರುಚಿ ಸೇರದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಮೊಟ್ಟೆ ಪೂರ್ತಿ ನಿಂತೀತು. ಸುಣ್ಣ ಗೂಡಿನ ಗೋಡೆಗೆ ಬಳಿಯಲಿಕ್ಕೆ ಇರಲಿ.

ಮೇವನ್ನೇ ಸರಿಮಾಡುತ್ತೇವೆ ಎನ್ನುವವರಿಗೆ ಹತ್ತು ಕಿಲೋ ಮಿಶ್ರಣದ ಅಳತೆ: ಹಳದಿ ಮುಸುಕಿನ ಜೋಳದ ನುಚ್ಚು 4 ಕಿಲೋ 200 ಗ್ರಾಂ, ರಾಗಿ ಒಂದೂವರೆ ಕಿಲೋ, ಸೋಯಾ ಹಿಂಡಿ 2 ಕಿಲೋ 200 ಗ್ರಾಂ, ಅಕ್ಕಿ ತೌಡು 1 ಕಿಲೋ, ಗ್ರಿಟ್ 800 ಗ್ರಾಂ, ಉಪ್ಪು ಸೇರಿಸದ ಖನಿಜ ಮಿಶ್ರಣ 250 ಗ್ರಾಂ, ಅಡುಗೆ ಉಪ್ಪು 30 ಗ್ರಾಂ. ಇದರಲ್ಲಿ ಪ್ರೋಟೀನು ಶೇ 16, ಕ್ಯಾಲ್ಸಿಯಂ ಶೇ 3.5ರ ಮೇಲೆ ಬರುತ್ತದೆ. ಹಗಲು ಹೊರಗೆ ಮೇಯುವ ಕೋಳಿಗೆ ಸಂಜೆ 50–60 ಗ್ರಾಂ ಸಾಕು, ಕಟ್ಟಿಹಾಕಿದ್ದಕ್ಕೆ 110 ಗ್ರಾಂ. ಬಿಸಿಲು, ಸೊಪ್ಪು ಕಾಣದ ಕೋಳಿಗೆ ವಿಟಮಿನ್ ಪ್ರೀಮಿಕ್ಸ್ ಕೂಡ ಬೇಕು. ವಿಟಮಿನ್ ಡಿ ಇಲ್ಲದೆ ಎಷ್ಟು ಗ್ರಿಟ್ ಕೊಟ್ಟರೂ ಮೈಗೆ ಹತ್ತದು. ಇಷ್ಟು ರಗಳೆ ಬೇಡವಾದರೆ ಅಂಗಡಿಯ ಲೇಯರ್ ಫೀಡ್ ತನ್ನಿ. ಬ್ರಾಯ್ಲರ್ ಫೀಡ್ ತಂದು ಮೊಟ್ಟೆ ಕೋಳಿಗೆ ಹಾಕಿದರೆ ಕೊಬ್ಬುತ್ತದೆ, ಚಿಪ್ಪು ತೆಳ್ಳಗೇ ಉಳಿಯುತ್ತದೆ.

ಮೇವು ಸರಿಯಿದೆ, ಆದರೂ ಚಿಪ್ಪು ತೆಳು

ಮಾರ್ಚಿಯಿಂದ ಮೇ ತಿಂಗಳವರೆಗಾದರೆ ಬಿಸಿಲು ಕಾರಣ. ಪಾವಗಡ, ಶಿರಾ ಕಡೆ ಹೇಳುವುದೇ ಬೇಡ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಾಗೆ ಬಿಟ್ಟಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲವೇ, ಕಾರ್ಬೊನೇಟಿನ ಕಚ್ಚಾವಸ್ತುವೇ ಕಡಿಮೆಯಾಗುತ್ತದೆ. ಜೊತೆಗೆ ಬಿಸಿಲಿಗೆ ಮೇವೂ ಸೇರದು. ಬೆಳಗ್ಗೆ 6ಕ್ಕೆ ಮತ್ತು ಸಂಜೆ 5ರ ಮೇಲೆ ಮೇವು ಹಾಕಿ, ತಗಡಿನ ಚಾವಣಿ ಮೇಲೆ ತೆಂಗಿನ ಗರಿ ಹೊದಿಸಿ, ನೀರನ್ನು ನೆರಳಲ್ಲಿ ಮಣ್ಣಿನ ಬಾನಿಯಲ್ಲಿಟ್ಟು ಮಧ್ಯಾಹ್ನ ಒಮ್ಮೆ ಬದಲಿಸಿ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಡಬ್ಬದ ನೀರನ್ನು ಕೋಳಿ ಮೂಸಿಯೂ ನೋಡುವುದಿಲ್ಲ. ಒಂದು ದಿನ ನೀರು ತಪ್ಪಿದರೆ ಮೊಟ್ಟೆ ಹಳೇ ಲಯಕ್ಕೆ ಬರಲು ವಾರಗಳೇ ಹಿಡಿಯಬಹುದು.

ಬೋರ್‌ವೆಲ್ ನೀರು ಬಾಯಿಗೆ ಉಪ್ಪುಪ್ಪು ಎನಿಸಿದರೆ ಅದೂ ಶಂಕಿತ. ಉಪ್ಪಿನಂಶ ಚಿಪ್ಪಿನ ಗುಣ ಕೆಡಿಸುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರನ್ನೋ ಮಳೆನೀರನ್ನೋ ಮೂರು ವಾರ ಕೊಟ್ಟು ವ್ಯತ್ಯಾಸ ನೋಡಿ. ಒಂದು ಕ್ಯಾನ್ ಹತ್ತು ಕೋಳಿಗೆ ಏಳೆಂಟು ದಿನ ಬರುತ್ತದೆ.

ಚಿಪ್ಪಿನ ನಡುವೆ ಸುತ್ತ ಉಬ್ಬಿದ ಪಟ್ಟಿ ಅಥವಾ ಬಿರುಕು ಬಿಟ್ಟು ಮತ್ತೆ ಕೂಡಿದ ಗೆರೆ ಕಂಡರೆ ಸಂಜೆಯ ಗಾಬರಿ ಕಾರಣ. ಚಿಪ್ಪು ಇನ್ನೂ ಎಳೆಯದಿದ್ದಾಗ ಕೋಳಿ ಹಾರಿ ಬಿದ್ದರೆ ಒಳಗೇ ಸೀಳುತ್ತದೆ, ದೇಹವೇ ಅದನ್ನು ಬೆಸೆಯುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಬಿಳಿ ಪದರ ಕೂತಿದ್ದರೆ ಮೊಟ್ಟೆ ಒಳಗೆ ಹೆಚ್ಚು ಹೊತ್ತು ತಡೆದಿದೆ. ದೀಪಾವಳಿ, ಗಣೇಶನ ಮೆರವಣಿಗೆಯ ಮಾರನೇ ದಿನ ಇವೆರಡೂ ಸಾಮಾನ್ಯ. ತಿನ್ನಲು ಅಡ್ಡಿಯಿಲ್ಲ, ಚಿಕಿತ್ಸೆಯೂ ಬೇಡ.

ಚಿಪ್ಪು ಸುಕ್ಕುಗಟ್ಟಿ, ಒಡೆದರೆ ಬಿಳಿ ಲೋಳೆ ನೀರಿನಂತೆ ಹರಡಿ, ಕೋಳಿಗಳು ಸೀನುತ್ತಾ ಗೊರಗೊರ ಎನ್ನುತ್ತಿದ್ದರೆ ಕಥೆ ಬೇರೆ. ಅದು ಸಾಂಕ್ರಾಮಿಕ ಬ್ರಾಂಕೈಟಿಸ್ ಎಂಬ ಉಸಿರಾಟದ ವೈರಸ್ ಕಾಯಿಲೆ ಇರಬಹುದು; ನಾಳಕ್ಕೆ ಪೆಟ್ಟು ಬಿದ್ದಿದ್ದರೆ ಕೆಲವು ಕೋಳಿಗಳ ಮೊಟ್ಟೆ ಮತ್ತೆಂದೂ ನೆಟ್ಟಗಾಗುವುದಿಲ್ಲ. ಆರೋಗ್ಯವಾಗಿ ಕಾಣುವ ಕಂದು ಮೊಟ್ಟೆಯ ಕೋಳಿಗಳೆಲ್ಲ ಒಟ್ಟಿಗೆ ಬಣ್ಣಗೆಟ್ಟ, ಚಿಪ್ಪಿಲ್ಲದ ಮೊಟ್ಟೆ ಇಡತೊಡಗಿದರೆ ಎಗ್ ಡ್ರಾಪ್ ಸಿಂಡ್ರೋಮ್ ಎಂಬ ವೈರಸ್ ಕಾಯಿಲೆಯ ಅನುಮಾನ. ಎರಡಕ್ಕೂ ಔಷಧಿ ಇಲ್ಲ, ಲಸಿಕೆ ಮಾತ್ರ ಉಂಟು.

ಒಳಗಿನ ದೋಷ: ಬಣ್ಣ, ವಾಸನೆ, ರಕ್ತದ ಚುಕ್ಕೆ

ಹಳದಿ ಪೇಲವವಾಗಿದ್ದರೆ ಮತ್ತೆ ರಾಗಿ, ಅಕ್ಕಿನುಚ್ಚುಗಳತ್ತಲೇ ಬೆರಳು ತೋರಿಸಬೇಕು; ಅವುಗಳಲ್ಲಿ ಬಣ್ಣ ಕೊಡುವ ಅಂಶ ಇಲ್ಲ. ಹಳದಿ ಜೋಳ, ನುಗ್ಗೆಸೊಪ್ಪು, ಕುದುರೆಮೆಂತ್ಯ, ಹಿಪ್ಪುನೇರಳೆ ಎಲೆ ಕೊಟ್ಟರೆ ಹತ್ತು ಹನ್ನೆರಡು ದಿನಕ್ಕೆ ಬಣ್ಣ ಏರುತ್ತದೆ. ಚೆಂಡುಹೂವಿನ ಎಸಳು ಎಲ್ಲಕ್ಕಿಂತ ಗಾಢ. ಚಿಕ್ಕಬಳ್ಳಾಪುರ ಕಡೆ ಬೆಲೆ ಬಿದ್ದಾಗ ರಸ್ತೆ ಬದಿ ಸುರಿದ ಹೂವು ಬೇಕಾದಷ್ಟು ಸಿಗುತ್ತದೆ, ಆದರೆ ಅದು ಔಷಧಿ ಹೊಡೆದ ಹೂವು. ಹಿತ್ತಲ ಹೂವಾದರೆ ಮಾತ್ರ ಕೊಡಿ. ಟೊಮ್ಯಾಟೊ, ಹಿಪ್ಪುನೇರಳೆ ತೋಟಕ್ಕೆ ಸಿಂಪಡಣೆಯಾದ ವಾರ ಕೋಳಿಯನ್ನು ಅತ್ತ ಬಿಡಬೇಡಿ.

ಹಳದಿ ಭಾಗ ಹಸಿರು ಮಿಶ್ರಿತ ಕಂದಾಗಿದೆಯೇ? ಮೊಟ್ಟೆ ಎತ್ತಿಟ್ಟು ಕೆಲಕಾಲ ಕಳೆದರೆ ಬಿಳಿ ಭಾಗ ತಿಳಿಗುಲಾಬಿಗೆ ತಿರುಗುತ್ತಿದೆಯೇ? ಹಸುವಿನ ಕೊಟ್ಟಿಗೆಗೆ ಹೋಗಿ ನೋಡಿ. ಹತ್ತಿಬೀಜದ ಹಿಂಡಿ ಚೆಲ್ಲಿರುತ್ತದೆ, ಕೋಳಿ ಹೆಕ್ಕಿರುತ್ತದೆ. ಹೈನುಗಾರಿಕೆಯ ಈ ಜಿಲ್ಲೆಗಳಲ್ಲಿ ಸುಲಭವಾಗಿ ತಪ್ಪಿಹೋಗುವ ಕಾರಣ ಇದು. ಕಡಲೆಕಾಯಿ ಹಿಂಡಿಗೆ ಬೇರೆ ಅಪಾಯ: ತೇವ ತಗುಲಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷ ಸೇರಿ ಯಕೃತ್ತು ಕೆಡುತ್ತದೆ, ಮೊಟ್ಟೆ ಇಳಿಯುತ್ತದೆ. ಬೂಷ್ಟು ಒರೆಸಿ ಒಣಗಿಸಿದರೆ ವಿಷ ಹೋಗುವುದಿಲ್ಲ.

ಮೊಟ್ಟೆಗೆ ಎಣ್ಣೆ ಕಮಟು, ಮೀನಿನಂಥ ವಾಸನೆ ಬಂದರೆ ರೇಷ್ಮೆ ನೂಲು ತೆಗೆದು ಉಳಿದ ಹುಳ ಹಾಕುತ್ತಿದ್ದೀರಾ ಯೋಚಿಸಿ. ಶಿಡ್ಲಘಟ್ಟ ಸುತ್ತ ಅಗ್ಗದ ಪ್ರೋಟೀನು ಅದು, ಒಳ್ಳೆಯದೇ; ಆದರೆ ಅದರ ಕೊಬ್ಬು ಬೇಗ ಕಮಟುತ್ತದೆ. ತಾಜಾ ಇದ್ದಾಗ ಬೇಯಿಸಿ, ಚೆನ್ನಾಗಿ ಒಣಗಿಸಿ, ಮೇವಿನ ಇಪ್ಪತ್ತನೇ ಒಂದು ಪಾಲು ಮೀರದಂತೆ ಕೊಡಿ.

ರಕ್ತದ ಚುಕ್ಕೆ ಹಳದಿ ಕಳಚುವಾಗ ಸಣ್ಣ ರಕ್ತನಾಳ ಒಡೆದದ್ದು, ಮರಿಯಲ್ಲ. ಚಮಚದಲ್ಲಿ ತೆಗೆದು ತಿನ್ನಬಹುದು. ಎರಡು ಹಳದಿ, ಹಳದಿಯೇ ಇಲ್ಲದ ಗೋಲಿ ಗಾತ್ರದ ಮೊಟ್ಟೆ ಹೊಸದಾಗಿ ಇಡಲು ಶುರುಮಾಡಿದವುಗಳಲ್ಲಿ ಮಾಮೂಲು.

ಮೊಟ್ಟೆ ಒಡೆದು ತಿನ್ನುವ ಕೋಳಿ

ಚಟ ಹುಟ್ಟುವುದು ತೆಳು ಚಿಪ್ಪಿನಿಂದ. ಕಾಲಿಗೆ ಸಿಕ್ಕಿ ಒಡೆಯುತ್ತದೆ, ರುಚಿ ಹತ್ತುತ್ತದೆ. ಆದ್ದರಿಂದ ಚಿಪ್ಪು ಮೊದಲು, ಶಿಕ್ಷೆ ಆಮೇಲೆ. ನಾಲ್ಕೈದು ಕೋಳಿಗೆ ಒಂದರಂತೆ ಒಂದಡಿ ಚದರದ ಮೊಟ್ಟೆಗೂಡು ಇರಲಿ, ಬಾಯಿಗೆ ಗೋಣಿತಾಟಿನ ಪರದೆ ಇಳಿಬಿಟ್ಟು ಕತ್ತಲು ಮಾಡಿ, ದಿನಕ್ಕೆ ಮೂರು ಸಲ ಎತ್ತಿ. ಒಳಗೆ ಒಂದೆರಡು ಪಿಂಗಾಣಿ ಮೊಟ್ಟೆ ಅಥವಾ ಗಾಲ್ಫ್ ಚೆಂಡು ಇಟ್ಟರೆ ಕುಕ್ಕಿ ಕುಕ್ಕಿ ಬೇಸರಪಟ್ಟು ಬಿಡುತ್ತದೆ. ಮನೆ ನಾಯಿಗೂ ಇದೇ ಚಟ ಹತ್ತಿದ್ದರೆ ನಾಯಿ ತೂರಲಾಗದ ಗಾತ್ರಕ್ಕೆ ಗೂಡಿನ ಬಾಗಿಲು ಕಿರಿದು ಮಾಡುವುದೇ ಉಪಾಯ.

ಮೊಟ್ಟೆ ಸಿಕ್ಕಿಕೊಂಡಾಗ

ಇದು ಗಂಟೆಗಳ ಲೆಕ್ಕದ ತೊಂದರೆ. ಕೋಳಿ ಬಾಲ ಇಳಿಸಿ, ಎದೆ ಎತ್ತಿ ನೆಟ್ಟಗೆ ನಿಲ್ಲುತ್ತದೆ, ಮತ್ತೆ ಮತ್ತೆ ತಿಣುಕುತ್ತದೆ, ಗೂಡಿಗೆ ಹೋಗಿ ಬರಿದೇ ವಾಪಸಾಗುತ್ತದೆ, ಕಾಳು ಮುಟ್ಟುವುದಿಲ್ಲ. ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತಿದರೆ ಗಟ್ಟಿ ಉಂಡೆ ಕೈಗೆ ಸಿಗುತ್ತದೆ.

ಬಕೆಟ್ಟಿನಲ್ಲಿ ಮೊಣಕೈಗೆ ಹಿತವೆನಿಸುವಷ್ಟು, 38ರಿಂದ 40 ಡಿಗ್ರಿ ಬೆಚ್ಚಗಿನ ನೀರು ತುಂಬಿ ಕೋಳಿಯ ಹೊಟ್ಟೆ ಮುಳುಗುವಂತೆ 15–20 ನಿಮಿಷ ಹಿಡಿದು ಕೂರಿಸಿ. ಒರೆಸಿ, ದ್ವಾರದ ಸುತ್ತ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ, ಕತ್ತಲೆಯ ಬೆಚ್ಚಗಿನ ಮೂಲೆಯಲ್ಲಿ ಒಂಟಿಯಾಗಿ ಬಿಡಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬಹುದು. ಹಿಸುಕಿ ತಳ್ಳಬೇಡಿ, ಒಳಗೇ ಒಡೆಯಲು ಹೋಗಬೇಡಿ. ಚಿಪ್ಪಿನ ಚೂರು ನಾಳ ಸೀಳಿ ಕೀವಾಗುತ್ತದೆ. ಅದೇ ದಿನ ಹೊರಬರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ, ಕ್ಯಾಲ್ಸಿಯಂ ಚುಚ್ಚುಮದ್ದಿಗೆ ಸಡಿಲಾಗುವುದುಂಟು.

ಮೊಟ್ಟೆಯ ಹಿಂದೆಯೇ ಕೆಂಪು ಮಾಂಸ ಹೊರಬಂದು ನಿಂತರೆ ಕರುಳು ಎಂದು ಹೆದರಬೇಡಿ, ಬಹಳ ಸಲ ಅದು ಮೊಟ್ಟೆ ನಾಳದ ತುದಿ. ಮೊದಲ ಕೆಲಸ ಉಳಿದ ಕೋಳಿಗಳಿಂದ ಬೇರ್ಪಡಿಸುವುದು. ಕೆಂಪು ಕಂಡರೆ ಅವು ಕುಕ್ಕಿ ಕೊಂದೇಬಿಡುತ್ತವೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಬಾವು ಇಳಿಯಲು ಸಕ್ಕರೆ ಸವರಿ ಹತ್ತು ನಿಮಿಷ ಬಿಟ್ಟು, ಎಣ್ಣೆ ಕೈಯಲ್ಲಿ ಮೆಲ್ಲಗೆ ಒಳಸೇರಿಸಿ.

ಹೇನು, ಉಣ್ಣೆ, ಜಂತು

ರಾತ್ರಿ 9ರ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಅಡ್ಡಗೋಲಿನ ಸಂದು, ಬಿದಿರಿನ ಗಂಟು ನೋಡಿ. ಹಗಲು ಅಡಗಿ ರಾತ್ರಿ ರಕ್ತ ಹೀರುವ ಹುಳಗಳು ಅಲ್ಲಿರುತ್ತವೆ. ಜುಟ್ಟು ಬಿಳಚಿ ಮೊಟ್ಟೆ ಇಳಿದಿದ್ದರೆ ಇವುಗಳ ಅನುಮಾನ ಬಲವಾಗುತ್ತದೆ. ಕೋಳಿ ಹೊರಗಿದ್ದಾಗ ಗೂಡು ಖಾಲಿ ಮಾಡಿ, ಸಂದುಗಳಿಗೆ ಕುದಿನೀರು ಹೊಯ್ದು, ಒಣಗಿಸಿ, ಸುಣ್ಣ ಬಳಿಯಿರಿ. ವಾರ ಬಿಟ್ಟು ಮತ್ತೊಮ್ಮೆ. ಹೊರಳಾಡಲು ಮರಳು ಬೂದಿಯ ಗುಂಡಿ ಮಾಡಿಕೊಡಿ.

ನಾಯಿಗೆ ತಂದ ಉಣ್ಣೆ ಸ್ಪ್ರೇಯನ್ನು ಕೋಳಿಗೂ ಹೊಡೆಯುವುದು ದೊಡ್ಡ ತಪ್ಪು. ಅಂಥ ಹಲವು ಸ್ಪ್ರೇಗಳಲ್ಲಿರುವ ಫಿಪ್ರೊನಿಲ್ ಎಂಬ ಕೀಟನಾಶಕ ಮೊಟ್ಟೆಗೆ ಇಳಿದು ವಾರಗಟ್ಟಲೆ ಉಳಿಯುತ್ತದೆ. 2017ರಲ್ಲಿ ಯುರೋಪಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಚೆಲ್ಲಬೇಕಾಗಿ ಬಂದದ್ದು ಇದರಿಂದಲೇ. ಜಂತಿನ ಔಷಧಿಯ ಪ್ರಮಾಣವನ್ನು, ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನು ವೈದ್ಯರಿಂದಲೇ ಕೇಳಿ ಪಡೆಯಿರಿ.

ಕೈಪಿಡಿ ಮುಚ್ಚಿಟ್ಟು ಫೋನ್ ಮಾಡಬೇಕಾದಾಗ

ಹಸಿರು ಭೇದಿ, ಕತ್ತು ತಿರುಚುವುದು, ಏದುಸಿರು, ಜೊತೆಗೆ ಮೊಟ್ಟೆ ದಿಢೀರ್ ನಿಲ್ಲುವುದು ಕೊಕ್ಕರೆ ರೋಗದ (ರಾಣಿಖೇತ್) ಗುರುತು. ಅದಕ್ಕೆ ಎಳವೆಯಲ್ಲಿ ಲಸೋಟಾ, ಎಂಟು ವಾರಕ್ಕೆ ಆರ್‌ಟುಬಿ ಲಸಿಕೆ ಹಾಕಿಸಬೇಕು. ಮೊಟ್ಟೆ ಇಡುತ್ತಿರುವ ಕೋಳಿಗೆ ಆರ್‌ಟುಬಿ ಹಾಕಿದರೆ ಕೆಲಕಾಲ ಮೊಟ್ಟೆ ಇಳಿಯುವುದರಿಂದ ಮೊದಲೇ ಮುಗಿಸುವುದು ಜಾಣತನ.

ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿ ಮುಖ ಊದಿದರೆ ಕೊಯ್ಯಬೇಡಿ, ಮಾರಬೇಡಿ, ಕೆರೆಗೆ ಎಸೆಯಬೇಡಿ. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಖಚಿತವಾಗಿದ್ದು ಹಿತ್ತಲ ಕೋಳಿಯವರಿಗೆ ನೆನಪಿರಬೇಕು. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ. ಸತ್ತದ್ದನ್ನು ಮುಟ್ಟಲೇಬೇಕಾದರೆ ಮಾಸ್ಕ್ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಎರಡು ಪದರದ ಕವರಿಗೆ ಹಾಕಿ ನೆರಳಲ್ಲಿಡಿ, ನಾಯಿ ಬೆಕ್ಕುಗಳನ್ನು ಕಟ್ಟಿಹಾಕಿ. ವೈದ್ಯರು ಕೇಳುವುದು ನಾಲ್ಕು ಸಂಗತಿ: ಎಷ್ಟರಲ್ಲಿ ಎಷ್ಟು ಸತ್ತವು, ಯಾವ ಲಸಿಕೆ ಯಾವಾಗ ಆಗಿದೆ, ಕಳೆದ ಹದಿನೈದು ದಿನದಲ್ಲಿ ಸಂತೆಯಿಂದ ಹೊಸ ಕೋಳಿ ತಂದಿರಾ, ಮೇವು ಬದಲಾಗಿದೆಯಾ. ಉತ್ತರ ಬರೆದಿಟ್ಟುಕೊಂಡು ಕರೆ ಮಾಡಿ.